ಬಿಸಿನೀರಲ್ಲಿ ನೆನೆದ ಬೀಜ

ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಾನು ಸಿಂಕಿನ ಮುಂದೆ ನಿಂತು ಅವರೆಕಾಳು ಹಿತುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತದೆ. ಈ ಕೆಲಸ ಮಾಡಿ ಆರು ವರ್ಷವಾಗಿತ್ತು. ಇಲ್ಲಿನ ಸೋಹೋ ರೋಡಿನ ಭಾರತೀಯ ಅಂಗಡಿಗಳಲ್ಲಿ ನುಗ್ಗೆಕಾಯಿ ಸಿಗುತ್ತದೆ, ಹಾಗಲಕಾಯಿ ಸಿಗುತ್ತದೆ, ಫ್ರೀಜರಿನಲ್ಲಿ ಗುಜರಾತಿಗಳ ಪಾಪ್ಡಿಯೂ ಇರುತ್ತದೆ. ಅದು ಅವರೆಯ ದೂರದ ನೆಂಟ, ಅಷ್ಟೆ. ಹಿಂದಿನ ದಿನ ಫ್ರಿಜ್ಜಿನ ತರಕಾರಿ ಡ್ರಾಯರ್ ಒರೆಸುವಾಗ, ಹಿಂದುಗಡೆ ಸಣ್ಣ ಬಟ್ಟೆಚೀಲವೊಂದು ಕೈಗೆ ಸಿಕ್ಕಿತು. ಬಿಚ್ಚಿದರೆ ಅವರೆ. ಎರಡು ಬೊಗಸೆ ಇತ್ತು. ಬಣ್ಣ ಸ್ವಲ್ಪ ಕಪ್ಪು ಎನ್ನಿಸಿತು, ಆದರೂ ಅವರೆಯೇ. ಮೈಸೂರಿನವಳ ಕೈಗೆ ಅವರೆಕಾಳು ಸಿಕ್ಕರೆ ಅವಳು ಬೇರೇನು ಯೋಚಿಸುತ್ತಾಳೆ?

ಮಾವನವರು ಬಿಸಿನೀರು ಕುಡಿಯಲು ಕೆಳಗೆ ಬಂದರು. ಅತ್ತೆ ತೀರಿಕೊಂಡ ನಂತರ ಫೆಬ್ರವರಿಯಲ್ಲಿ ಧಾರವಾಡದಿಂದ ಇಲ್ಲಿಗೆ ಬಂದ ಮೇಲೆ ದಿನಾ ಈ ಹೊತ್ತಿಗೆ ಬರುತ್ತಾರೆ, ಲೋಟ ಹಿಡಿದು ಹಿಂಬಾಗಿಲಿನ ಗಾಜಿನಾಚೆ ನೋಡುತ್ತಾ ನಿಲ್ಲುತ್ತಾರೆ. ಅವತ್ತು ಲೋಟ ಹಿಡಿಯಲಿಲ್ಲ. ನನ್ನ ಪಕ್ಕ ಬಂದು ಸಿಪ್ಪೆಯ ರಾಶಿಯಿಂದ ಒಂದು ಸಿಪ್ಪೆ ಎತ್ತಿ ಬೆಳಕಿಗೆ ಹಿಡಿದರು.

"ಎಷ್ಟ ಹಾಕೀದಿ?"

"ಎಲ್ಲಾ ಹಾಕ್ಬಿಟ್ಟೆ ಮಾವ. ಇದ್ದಿದ್ದೇ ಎರಡು ಬೊಗಸೆ. ಹುಬ್ಬಳ್ಳಿಯಿಂದ ಬಸವ್ವತ್ತೆ ಕಳಿಸಿದ್ದಲ್ವಾ?"

ಅವರು ಫ್ರಿಜ್ ತೆಗೆದು, ಬಗ್ಗಿ, ಡ್ರಾಯರ್ ಎಳೆದು ನೋಡಿದರು. ಖಾಲಿ ಚೀಲ ಒಲೆಯ ಪಕ್ಕದಲ್ಲಿತ್ತು. ಅದರೊಳಗಿಂದ ಮಡಿಸಿದ ಚೀಟಿಯೊಂದನ್ನು ತೆಗೆದರು. ಅದನ್ನು ನಾನೂ ನೋಡಿದ್ದೆ. ರಷ್ಯನ್ ಅಕ್ಷರ. ಯಾವುದೋ ಹಳೆಯ ಕಾಗದದಲ್ಲಿ ಕಟ್ಟಿದ್ದಾರೆ ಅಂದುಕೊಂಡಿದ್ದೆ.

"ಎಷ್ಟೊತ್ತು ನೆನಿಸಿದಿ?"

"ರಾತ್ರಿ ಮರೆತೆ ಮಾವ. ಬೆಳಿಗ್ಗೆ ಎದ್ದು ಕುದಿಯೋ ನೀರು ಹಾಕಿದೆ, ಬೇಗ ನೆನೀಲಿ ಅಂತ."

"ಕುದಿಯೋ ನೀರು" ಎಂದು ಅವರು ಇನ್ನೊಮ್ಮೆ ಹೇಳಿದರು. ಕುರ್ಚಿ ಎಳೆದುಕೊಂಡು ಕೂತರು.

ಆಗ ನನಗೆ ತಿಳಿಯಿತು. ಕೈ ಒರೆಸಿಕೊಂಡೆ. ಮೇ ತಿಂಗಳಿಗೆ ಹಿಂಬದಿಯ ಗಾಜಿನ ಕೋಣೆ, ಕನ್ಸರ್ವೇಟರಿಯೊಳಗೆ ನಾಲ್ಕು ಕುಂಡಕ್ಕೆ ಜಾಗ ಬೇಕೆಂದು ಅವರು ಕೇಳಿದ್ದರು. ಕಪ್ಪು ಬಿನ್ ಬ್ಯಾಗ್ ಬೇಕೆಂದೂ ಹೇಳಿದ್ದರು. ಈ ದೇಶದ ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕು. ಹಗಲು ಗಿಡ್ಡವಾಗದೆ ಈ ಗಿಡ ಹೂ ಬಿಡುವುದಿಲ್ಲ, ಸಂಜೆ ಐದಕ್ಕೆಲ್ಲ ಕಪ್ಪು ಚೀಲ ಮುಚ್ಚಿ ಗಿಡಕ್ಕೆ ಕತ್ತಲೆ ಮಾಡಬೇಕು ಎಂದು ವಿವರಿಸಿದ್ದರು. ಯಾವ ಗಿಡ ಎಂದು ನಾನು ಕೇಳಿರಲಿಲ್ಲ. ಹೂಂ ಹೂಂ ಎನ್ನುತ್ತಾ ಪಾತ್ರೆ ತೊಳೆದಿದ್ದೆ.

"ಮಾವ, ಇದು ಬಿತ್ತನೆಗೆ ಇಟ್ಟಿದ್ದಾ?"

"ಇನ್ನ ಅದು ಬೀಜ ಅಲ್ಲವ್ವಾ. ಕಾಳು. ಸಾರು ಮಾಡು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹಿತುಕದೆ ಉಳಿದಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿದರು. ಒಂಬತ್ತು. ಅಂಗೈಯಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಹೋದರು.

ಮಧ್ಯಾಹ್ನ ನನ್ನ ಗಂಡ ಅನಂತ ಆಸ್ಪತ್ರೆಯಿಂದ ಬಂದರು. ಅವರು ಅರಿವಳಿಕೆ ಡಾಕ್ಟರು. ಡ್ಯೂಟಿ ರೋಟಾದಲ್ಲಿ ಅವರಿಗೆ ತಿಂಗಳಿಗೆ ಎರಡು ವಾರಾಂತ್ಯ ಹೋಗುತ್ತದೆ. ಬಾಗಿಲಲ್ಲೇ ಮೂಗರಳಿಸಿ, "ಅವರೆ? ಎಲ್ಲಿ ಸಿಕ್ತು?" ಎಂದರು. ನಾನು ಉತ್ತರಿಸುವ ಮೊದಲೇ ಶೂ ಬಿಚ್ಚಿ, ತಟ್ಟೆ ತೆಗೆದುಕೊಂಡು ಕೂತರು. ಮಾವನವರು ಬಂದು ತಮ್ಮ ಜಾಗದಲ್ಲಿ ಕೂತು ರೊಟ್ಟಿಯ ಜೊತೆ ಚಟ್ನಿಪುಡಿ ಹಾಕಿಸಿಕೊಂಡರು.

"ಅಪ್ಪ, ಸಾರು?"

"ನೀ ಉಣ್ಣು."

ನಾನೇ ವಿಷಯ ಹೇಳಿದೆ. ಅನಂತ ಚಮಚ ಕೆಳಗಿಡಲಿಲ್ಲ. "ಇಷ್ಟಕ್ಕಾ? ಅಪ್ಪ, ಬಸವ್ವತ್ತಿಗೆ ಫೋನ್ ಮಾಡಿ ಒಂದ ಕೇಜಿ ಕಳಸಂತ ಹೇಳೋಣು."

"ಕಳಸ್ತಾಳ. ಪ್ಯಾಟಿ ಅವರಿ ಕಳಸ್ತಾಳ. ಇದು ನಮ್ಮವ್ವನ ಹಿತ್ತಲದ್ದು. ಎರಡ ವರ್ಷಕ್ಕೊಮ್ಮೆ ಬಿತ್ತಿ, ಹೊಸಾ ಬೀಜ ಹಿಡದು ಇಟ್ಟಿದ್ದೆ. ಮೂವತ್ತೈದ ವರ್ಷ. ಹ್ವಾದ ಸಲ ನಿಮ್ಮವ್ವ ದವಾಖಾನ್ಯಾಗ ಇದ್ಲು, ಬಿತ್ತಲಿಲ್ಲ. ಉಳದದ್ದು ಇಷ್ಟ."

"ಮತ್ತ ಅದನ್ನ ಫ್ರಿಜ್ಜಿನಾಗ ಇಟ್ಟು ಹೇಳದ ಇದ್ರ ಆಕಿಗೆ ಹ್ಯಾಂಗ ಗೊತ್ತಾಗಬೇಕು?"

"ನಾ ಆಕಿಗೆ ಏನರ ಅಂದ್ನೇನು?"

ಅನ್ನಲಿಲ್ಲ. ಅದೇ ಕಷ್ಟವಾಗಿತ್ತು. ಹತ್ತು ವರ್ಷದ ನಮ್ಮ ಅಮೂಲ್ಯಾ ಅಜ್ಜನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ತನ್ನ ತಟ್ಟೆಯ ಸಾರನ್ನು ಅನ್ನದಿಂದ ಮುಚ್ಚಿದಳು. ಅವರೆ ಸಾರು ಮೂರು ದಿನ ಫ್ರಿಜ್ಜಿನಲ್ಲಿತ್ತು. ಬುಧವಾರ ನಾನೊಬ್ಬಳೇ ಸಿಂಕಿನ ಬಳಿ ನಿಂತು ತಿಂದು ಮುಗಿಸಿದೆ. ರುಚಿಯಾಗಿತ್ತು, ಅದನ್ನು ಯಾರಿಗೂ ಹೇಳಲಾಗಲಿಲ್ಲ.

ಆ ಒಂಬತ್ತು ಕಾಳನ್ನು ಅವರು ಮೊಸರಿನ ಡಬ್ಬಗಳಲ್ಲಿ ಹಾಕಿ ತಮ್ಮ ಕೋಣೆಯ ಕಿಟಕಿಯಲ್ಲಿಟ್ಟರು. ಬೆಳಿಗ್ಗೆ ಹಾಸಿಗೆ ಸರಿಮಾಡಲು ಹೋದಾಗಲೆಲ್ಲ ನಾನು ಮಣ್ಣು ನೋಡುತ್ತಿದ್ದೆ. ಮೂರನೆಯ ವಾರ ಒಂದು ದಿನ ಅವರು ಬೆರಳಿನಿಂದ ಮಣ್ಣು ಕೆದಕಿ, ಒಂದು ಕಾಳನ್ನು ತೆಗೆದು ಮೂಸಿ, ಕಾಗದದ ಮೇಲಿಟ್ಟರು. ಕೊಳೆತಿತ್ತು. ಉಳಿದ ಎಂಟನ್ನೂ ಹಾಗೇ ತೆಗೆದು ನೋಡಿ, ಡಬ್ಬಗಳನ್ನು ತೊಳೆದು ಒರೆಸಿ, ರೀಸೈಕ್ಲಿಂಗ್ ಬುಟ್ಟಿಯಲ್ಲಿ ಒಂದರೊಳಗೊಂದು ಸೇರಿಸಿಟ್ಟರು. ಆಮೇಲೆ ಅವರ ಮಾತು ಇನ್ನೂ ಕಡಿಮೆಯಾಯಿತು.

ನನಗೂ ಮಾತಾಡಲು ಬೇರೆ ಯಾರೂ ಇರಲಿಲ್ಲ. ವಾರಕ್ಕೆ ಮೂರು ದಿನ ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಕ್ಲಿನಿಕ್ಕಿನ, ರಿಸೆಪ್ಶನ್ನಿನಲ್ಲಿ ಕೂತು ಇನ್ನೂರು ಜನರೊಡನೆ ಮಾತಾಡುತ್ತೇನೆ. ಡೇಟ್ ಆಫ್ ಬರ್ತ್, ಪೋಸ್ಟ್‌ಕೋಡ್, ಟೇಕ್ ಎ ಸೀಟ್. ಮನೆಗೆ ಬಂದರೆ ಬಾಯ್ಲರಿನ ಸದ್ದು. ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಬೀದಿಯಲ್ಲಿ ಎಲ್ಲರ ಮನೆಯೂ ದೊಡ್ಡದು, ಎಲ್ಲರ ಬೇಲಿಯೂ ಎತ್ತರ. ಮಾವನವರು ಬಂದ ಮೇಲೆ, ಮಾತಿಲ್ಲದಿದ್ದರೂ, ಮೇಲಿನ ಕೋಣೆಯಲ್ಲಿ ಕೆಮ್ಮುವವರೊಬ್ಬರಿದ್ದಾರೆ ಎನ್ನುವುದೇ ಸಾಕಾಗಿತ್ತು.

ಅವರು ಮಾತಾಡುತ್ತಿದ್ದುದು ಅಮೂಲ್ಯಾಳ ಜೊತೆ ಮಾತ್ರ. ಸ್ಕೂಲಿಗೆ ಕರೆದುಕೊಂಡು ಹೋಗುವುದು, ಕರೆತರುವುದು ಅವರ ಕೆಲಸ. ಅವಳು ಇಂಗ್ಲಿಷಿನಲ್ಲಿ, ಅವರು ಕನ್ನಡದಲ್ಲಿ. ಹೋಗುವಾಗ ರಸ್ತೆಯ ಒಂದೇ ಮಗ್ಗುಲಲ್ಲಿ ಹೋಗುತ್ತಿದ್ದರು. ಯಾಕೆಂದು ಕೇಳಿದರೆ ಅಮೂಲ್ಯಾ, "ದಟ್ ಸೈಡ್ ಈಸ್ ಡೇಂಜರಸ್ ಡ್ಯೂರಿಂಗ್ ಶೆಲ್ಲಿಂಗ್, ಅಮ್ಮ" ಎಂದಳು. ಲೆನಿನ್‌ಗ್ರಾಡಿನ ದೊಡ್ಡ ಬೀದಿಯ ಗೋಡೆಯ ಮೇಲೆ ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ನರು ಆ ರಷ್ಯನ್ ಊರನ್ನು ಮುತ್ತಿದ್ದಾಗ ಹಾಗೆ ಬರೆದಿದ್ದರಂತೆ, ಫಿರಂಗಿ ಗುಂಡು ಬೀಳುವ ಮಗ್ಗುಲು ಇದು ಎಂದು. ಅಜ್ಜ ಓದುತ್ತಿದ್ದಾಗಲೂ ಆ ಬರಹ ಇತ್ತಂತೆ, ಅದರ ಕೆಳಗೆ ಜನ ಹೂವಿಡುತ್ತಿದ್ದರಂತೆ.

ಮಾವನವರು ಎಪ್ಪತ್ತಾರನೆಯ ಇಸವಿಯಿಂದ ಎಂಬತ್ತರವರೆಗೆ ಆ ಊರಲ್ಲಿ ಬೀಜದ ಸಂಸ್ಥೆಯೊಂದರಲ್ಲಿ ಸಂಶೋಧನೆ ಮಾಡಿದವರು. ಧಾರವಾಡಕ್ಕೆ ಮರಳಿ ಕೃಷಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮದುವೆಯಾದ ಹೊಸದರಲ್ಲಿ ಅವರ ರಷ್ಯಾದ ವಿಷಯ ಕೇಳಿದಾಗ ಅನಂತ, "ಅದನ್ನ ಕೇಳಬೇಡ, ಶುರು ಮಾಡಿದ್ರೆ ನಿಲ್ಲಿಸಲ್ಲ" ಎಂದಿದ್ದರು. ನಾನೂ ಕೇಳಿರಲಿಲ್ಲ.

ಮೇ ತಿಂಗಳ ಮೊದಲ ವಾರ ಒಂದು ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದೆ. ಅಜ್ಜ ಮೊಮ್ಮಗಳು ಅಡುಗೆಮನೆಯ ಮೇಜಿನ ಮೇಲೆ ಬಟಾಣಿ ಬಿಡಿಸುತ್ತಿದ್ದರು.

"ವೈ ಡಿಡ್ನ್ಟ್ ದೇ ಜಸ್ಟ್ ಲೀವ್, ಅಜ್ಜ?"

"ಎಲ್ಲಿ ಹೋಗ್ತಿ ಕೂಸ? ಈ ಕಡೆ ಜರ್ಮನ್ನರು, ಆ ಕಡೆ ಫಿನ್ನರು, ನಡುವ ಒಂದ ದೊಡ್ಡ ಕೆರಿ. ನಿಮ್ಮ ಸಟನ್ ಪಾರ್ಕಿನ ಕೆರಿ ಅಲ್ಲ, ಆಚಿ ದಂಡಿ ಕಾಣಸೂದಿಲ್ಲ. ಚಳಿಗಾಲಕ್ಕ ಅದು ಹೆಪ್ಪುಗಟ್ಟಿದ ಮ್ಯಾಲೆ, ಮಂಜಿನ ಮ್ಯಾಲೆ ಲಾರಿ ಹೊಡಕೊಂಡು ಹಿಟ್ಟು ತರತಿದ್ರು. ಕೆಲವು ಲಾರಿ ಹಂಗ ಮುಳಗಿ ಹೋದ್ವು."

"ಹೌ ಲಾಂಗ್?"

"ಎಂಟನೂರ ಎಪ್ಪತ್ತೆರಡ ದಿನ."

ಅಮೂಲ್ಯಾ ಬೆರಳಲ್ಲಿ ಲೆಕ್ಕ ಹಾಕಿದಳು. "ದಟ್ಸ್ ಆಲ್ಮೋಸ್ಟ್ ಟೂ ಅಂಡ್ ಎ ಹಾಫ್ ಇಯರ್ಸ್. ವಾಟ್ ಡಿಡ್ ದೇ ಈಟ್?"

ಅವರು ಬ್ರೆಡ್ಡಿನ ಪ್ಯಾಕೆಟ್ ಎಳೆದುಕೊಂಡು ಮೂರು ಹೋಳು ಹೊರತೆಗೆದರು. "ಮೊದಲನೇ ಚಳಿಗಾಲದಾಗ ಒಬ್ಬರಿಗೆ ದಿನಕ್ಕ ಇಷ್ಟ. ಅದರಾಗೂ ಹಿಟ್ಟು ಕಡಿಮಿ, ಕಟಗಿ ಹೊಟ್ಟು, ಏನೇನೋ. ಮುಂಜಾನೆ ಇಷ್ಟ, ಮಧ್ಯಾಹ್ನ ಇಲ್ಲ, ಸಂಜೀಕೂ ಇಲ್ಲ."

"ಅವಳಿಗೆ ಊಟದ ಹೊತ್ತಲ್ಲಿ ಇದೆಲ್ಲ ಬೇಡ ಮಾವ" ಎಂದೆ.

"ಆಕೀನ ಕೇಳಿದ್ಲವ್ವಾ."

"ಐ ಆಸ್ಕ್ಡ್, ಅಮ್ಮ."

ನಾನು ಮತ್ತೆ ಲಟ್ಟಣಿಗೆ ಹಿಡಿದೆ. ಅವರು ಬೀಜದ ಮನೆಯ ಕಥೆ ಹೇಳಿದರು. ಊರ ನಡುವಿನ ದೊಡ್ಡ ಚೌಕದಲ್ಲಿ ಆ ಕಟ್ಟಡ. ಜಗತ್ತಿನ ಎಲ್ಲ ಕಡೆಯಿಂದ ತಂದ ಬೀಜ, ಲಕ್ಷಗಟ್ಟಲೆ ಪೊಟ್ಟಣ, ಅಕ್ಕಿ, ಗೋಧಿ, ಬಟಾಣಿ, ಶೇಂಗಾ. ಹೊರಗೆ ಜನ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದರು. ಒಳಗೆ ಕೆಲಸದವರು ಕುರ್ಚಿ ಮೇಜು ಸುಟ್ಟು ಆಲೂಗಡ್ಡೆಯ ಬೀಜ ಹೆಪ್ಪುಗಟ್ಟದಂತೆ ಕಾದರು. ಇಲಿಗಳನ್ನು ಓಡಿಸಿದರು. ಬೀಜದ ಕೋಣೆಗೆ ಒಬ್ಬೊಬ್ಬರೇ ಹೋಗಬಾರದೆಂದು ನಿಯಮ ಮಾಡಿಕೊಂಡರು.

"ಯಾಕಂದ್ರ, ಒಬ್ಬನ ಇದ್ರ ಕೈ ತಡೀತದ ಅಂತ ಯಾರಿಗೆ ಗೊತ್ತು? ಜಿನಾಯಿದಾ ಪಾವ್ಲವ್ನಾ ಅಂತ ಮುದುಕಿ, ನನಗ ಪೊಟ್ಟಣ ಕಟ್ಟಾಕ ಕಲಿಸಿದಾಕಿ. ಆಗ ಆಕಿಗೆ ಹತ್ತೊಂಬತ್ತ ವರ್ಷಂತ. ಆಕೀನ ಹೇಳಿದ್ದು ಇದು."

"ಡಿಡ್ ಶೀ ಈಟ್ ಎನಿ?"

"ಇಲ್ಲ. ಯಾರೂ ಇಲ್ಲ. ಶೇಂಗಾ ನೋಡಕೊಳ್ಳಾಂವ ತನ್ನ ಮೇಜಿನ ಮುಂದ ಕುಂತಲ್ಲೇ ಹ್ವಾದ. ಅಕ್ಕಿ ಕಾಯಾಂವ ಹಸವಿಂದ ಸತ್ತಾಗ ಅವನ ಸುತ್ತ ಸಾವಿರಾರು ಅಕ್ಕಿ ಪೊಟ್ಟಣ. ಒಂದೂ ಬಿಚ್ಚಿರಲಿಲ್ಲ."

ಅಮೂಲ್ಯಾ ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟಳು. "ಬಟ್ ಅಜ್ಜ..." ಎಂದಳು.

"ಏನು?"

"ನಥಿಂಗ್."

ಅವಳ ಮುಖ ನನಗೆ ಗೊತ್ತು. ಏನನ್ನೋ ಹಲ್ಲಿನ ಹಿಂದೆ ಇಟ್ಟುಕೊಂಡಾಗ ಅವಳ ಕೆಳದುಟಿ ಒಳಗೆ ಹೋಗುತ್ತದೆ. ಮಲಗಿಸುವಾಗ ಕೇಳಿದೆ. "ಇಟ್ಸ್ ರೂಡ್" ಎಂದು ಗೋಡೆಯ ಕಡೆ ತಿರುಗಿದಳು.

ಮುಂದಿನ ವಾರ ಗುರುವಾರ ಸರ್ಜರಿಯಲ್ಲಿದ್ದಾಗ ಸ್ಕೂಲಿನಿಂದ ಫೋನ್ ಬಂತು. ವ್ಯಾಯಾಮದ ಪಿಇ ಹೊತ್ತಿನಲ್ಲಿ ಅಮೂಲ್ಯಾಗೆ ತಲೆಸುತ್ತು ಬಂದು ಕೂತಿದ್ದಾಳೆ, ಮುಟ್ಟದ ಲಂಚ್‌ಬಾಕ್ಸ್ ಬ್ಯಾಗಿನಲ್ಲಿದೆ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಮೃದುವಾಗಿ ಕೇಳಿದರು. ಹೋಗಿ ಕರೆತಂದೆ. ಬ್ಯಾಗಿನ ತಳದಲ್ಲಿ ಇನ್ನೂ ಎರಡು ದಿನದ ಚಪಾತಿ ರೋಲ್‌ಗಳು ಸಿಕ್ಕವು, ಫಾಯಿಲ್ ಬಿಚ್ಚಿರಲಿಲ್ಲ.

"ಯಾಕೆ ಪುಟ್ಟಿ?"

"ಐ ವಾಸ್ ಜಸ್ಟ್ ಗಾರ್ಡಿಂಗ್ ಇಟ್. ಟು ಸೀ ಇಫ್ ಐ ಕುಡ್."

ಬೈಯಲು ಬಾಯಿ ಬರಲಿಲ್ಲ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತಿನ್ನಿಸಿದೆ, ಮಗುವಾಗಿದ್ದಾಗ ತಿನ್ನಿಸುತ್ತಿದ್ದ ಹಾಗೆ. ಮಾವನವರು ಬಾಗಿಲಲ್ಲಿ ನಿಂತು ನೋಡಿದರು. ಒಳಗೆ ಬರಲಿಲ್ಲ.

ಸಂಜೆ ಅನಂತನಿಗೆ ಹೇಳದೆ ವಿಧಿಯಿರಲಿಲ್ಲ. ಅಮೂಲ್ಯಾಳನ್ನು ಮೇಲೆ ಕಳಿಸಿ ಮೂವರೂ ಊಟಕ್ಕೆ ಕೂತಾಗ ಹೇಳಿದೆ. ಅವರು ತಟ್ಟೆಯನ್ನು ಮುಂದಕ್ಕೆ ತಳ್ಳಿದರು.

"ಹತ್ತು ವರ್ಷದ ಹುಡುಗಿಗೆ ಏನ ಕಲಸ್ತಿದ್ದೀರಿ ಅಪ್ಪ? ಹಸಕೊಂಡು ಸಾಯೋದು ದೊಡ್ಡ ಕೆಲಸ ಅಂತ?"

"ನಡದದ್ದು ಹೇಳಿದೆ."

"ನಡದದ್ದು? ನಮ್ಮ ಮನ್ಯಾಗ ನಡದದ್ದು ಹೇಳ್ರಿ ಆಕಿಗೆ. ಅದೂ ನಡದದ್ದ."

"ಏನ ನಡದದ?"

ಅನಂತ ನನ್ನ ಕಡೆ ನೋಡಿದರು. ಮದುವೆಯಾದ ಹದಿಮೂರು ವರ್ಷದಲ್ಲಿ ನಾನು ಕೇಳದಿದ್ದ ಮಾತನ್ನು ಅವರು ನನ್ನ ಮುಖ ನೋಡಿಕೊಂಡೇ ಹೇಳಿದರು, ಅಪ್ಪನ ಮುಖ ನೋಡಲಿಲ್ಲ.

"ಇವರು ಲೆನಿನ್‌ಗ್ರಾಡಿನಲ್ಲಿದ್ದಾಗ ನನಗೆ ಏಳು ವರ್ಷ. ನಾನು, ಅವ್ವ, ಬಾಡಿಗೆ ಕೋಣೆ. ಒಂದು ಸಲ ಹಿಟ್ಟು ಮುಗೀತು. ಎರಡು ದಿನ ಅವ್ವ ಬೆಲ್ಲದ ನೀರು ಕೊಟ್ಟು ಮಲಗಿಸಿದ್ಲು. ಮಂಚದ ಕೆಳಗೆ ಇವರ ಟ್ರಂಕ್ ಇತ್ತು. ಜೋಳ, ಅವರೆ, ಮಡಿಕೆಕಾಳು, ಎಲ್ಲಾ ಚೀಲ ಚೀಲ. ಮೂರನೇ ದಿನ ನಾನು ಟ್ರಂಕ್ ತೆಗ್ದು ಒಂದು ಮುಷ್ಟಿ ಜೋಳ ಬಾಯಿಗೆ ಹಾಕ್ಕೊಂಡೆ. ಅವ್ವ ಬಾಯಿಗೆ ಬೆರಳು ಹಾಕಿ ತೆಗಿಸಿದ್ಲು. ಆಮೇಲೆ ಹೊಡೆದ್ಲು. ಅವ್ವ ನನಗೆ ಹೊಡದದ್ದು ಜೀವನದಲ್ಲಿ ಅದೊಂದೇ ಸಲ. ಸಂಜೆ ಪಕ್ಕದ ಮನೆಯಿಂದ ಒಂದು ಬಟ್ಟಲು ಹಿಟ್ಟು ಕೇಳಿ ತಂದ್ಲು."

ಮಾವನವರ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತ್ತು. "ಚನ್ನಮ್ಮ ನನಗ ಬರೀಲಿಲ್ಲ" ಎಂದರು.

"ಬರೀಲಿಲ್ಲ. ನನಗೂ ಹೇಳಿದ್ಲು, ಅಪ್ಪಗ ಏನೂ ಕೇಳಬ್ಯಾಡ ಅಂತ. ಕೇಳಲಿಲ್ಲ."

ಅನಂತ ಎದ್ದು ಕೈ ತೊಳೆದರು. ಗ್ಯಾರೇಜಿಗೆ ಹೋದರು. ಅಲ್ಲಿ ನಮ್ಮ ಎರಡನೆಯ ಫ್ರೀಜರ್ ಇದೆ. ಮೂರೇ ಜನರ ಮನೆಗೆ ಅದು ಬೇಡವೆಂದು ನಾನು ವರ್ಷಗಟ್ಟಲೆ ಹೇಳಿದ್ದೇನೆ, ಅವರು ಪ್ರತಿ ಶನಿವಾರ ಅದನ್ನು ತುಂಬುತ್ತಾರೆ. ಅವತ್ತು ಅದರ ಮುಚ್ಚಳ ತೆರೆದು ಮುಚ್ಚಿದ ಸದ್ದು ಕೇಳಿತು.

ತಟ್ಟೆ ಎತ್ತಲು ಹೋದರೆ ಅಮೂಲ್ಯಾ ಮೆಟ್ಟಿಲ ಮೇಲೆ ಕೂತಿದ್ದಳು. ಅವಳು ಎಲ್ಲ ಕೇಳಿಸಿಕೊಂಡಿದ್ದಳು.

ಮರುದಿನವೇ ಮಾವನವರು ಟಿಕೆಟ್ ಬುಕ್ ಮಾಡಿಸಲು ಹೇಳಿದರು. ಹುಬ್ಬಳ್ಳಿಯಲ್ಲಿ ತಂಗಿ ಬಸವ್ವನ ಮನೆಯಲ್ಲಿರುತ್ತಾರಂತೆ. ಅನಂತ ಆ ರಾತ್ರಿಯೇ ಬುಕ್ ಮಾಡಿದರು. ಮೇ ಮೂವತ್ತು, ಶನಿವಾರ. ಎರಡು ವಾರ ಉಳಿದಿತ್ತು. ಆ ಎರಡು ವಾರ ಅಪ್ಪ ಮಗ ಇಬ್ಬರೂ ನನ್ನ ಮೂಲಕ ಮಾತಾಡಿದರು. "ಬಿಪಿ ಮಾತ್ರೆ ಮೂರು ತಿಂಗಳಿಗೆ ಇದೆಯಾ ಕೇಳು." "ಅದ ಅಂತ ಹೇಳವಾ." ಇಬ್ಬರೂ ಒಂದೇ ಮೇಜಿನಲ್ಲಿ ಕೂತಿರುತ್ತಿದ್ದರು. ಇವರು ಹೀಗೇ ವಿಮಾನ ಹತ್ತಿದರೆ ಆಮೇಲೆ ಫೋನಿನಲ್ಲಿ ಹವಾಮಾನ ಬಿಟ್ಟು ಬೇರೆ ಮಾತು ಇರುವುದಿಲ್ಲ, ಅದು ನನಗೆ ಗೊತ್ತಿತ್ತು. ಮಾವನವರಿಗೆ ಎಪ್ಪತ್ತು ವರ್ಷ.

ಬಸವ್ವತ್ತೆ ಫೋನ್ ಮಾಡಿದರು. "ಏನವಾ ನೀರಜಾ, ಅವನ ಬೀಜ ಕುದಿಸಿ ಉಂಡಿಯಂತ?"

"ತಪ್ಪಾಯ್ತು ಅತ್ತೆ."

"ಛಲೋ ಮಾಡಿದಿ. ನಮ್ಮ ವೈನಿ ಮೂವತ್ತೈದ ವರ್ಷ ಅದನ್ನ ಇರುವಿ ಮುಟ್ಟದಂಗ ಕಾದ್ಲು, ಒಂದಿನ ಸಾರು ಮಾಡಿ ಉಣ್ಣಲಿಲ್ಲ. ರುಚಿ ಹ್ಯಾಂಗಿತ್ತ?"

"ಚೆನ್ನಾಗಿತ್ತು" ಎಂದೆ. ಇಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

"ಅಳಬ್ಯಾಡ. ಅವನ್ನ ಕಳಸಬ್ಯಾಡ ನೀ. ಇಲ್ಲಿ ಬಂದ ನನ್ನ ಜೋಡಿ ಏನ ಮಾಡ್ತಾನ? ಟಿವಿ ಸೀರಿಯಲ್ ನೋಡ್ತಾನೇನ?"

"ನನ್ನ ಮಾತು ಯಾರು ಕೇಳ್ತಾರೆ ಅತ್ತೆ?"

"ಅದೂ ಖರೆ" ಎಂದು ಅವರು ಫೋನಿಟ್ಟರು.

ಹೊರಡುವ ವಾರದ ಗುರುವಾರ ಬಟ್ಟೆ ಇಸ್ತ್ರಿ ಮಾಡಿ ಮಾವನವರ ಕೋಣೆಗೆ ತೆಗೆದುಕೊಂಡು ಹೋದೆ. ಸೂಟ್‌ಕೇಸ್ ಮಂಚದ ಮೇಲೆ ತೆರೆದಿತ್ತು. ಅವರು ಆ ಖಾಲಿ ಬಟ್ಟೆಚೀಲವನ್ನು ಮಡಿಸುತ್ತಿದ್ದರು.

"ಮಾವ, ನನ್ನಿಂದ ಹೀಗಾಯ್ತು. ನಾನು ಕೇಳಬೇಕಾಗಿತ್ತು."

"ನಾ ಹೇಳಬೇಕಾಗಿತ್ತು. ಹೆಸರ ರಷ್ಯನ್‌ದಾಗ ಬರದು ಅಡಗಿ ಮನ್ಯಾಗ ಇಟ್ರ ಯಾರ ಓದಬೇಕು?" ಚೀಟಿ ನನ್ನ ಕೈಗೆ ಕೊಟ್ಟರು. "ಊರು, ವರ್ಷ, ಹಿಡದವರ ಹೆಸರು. ಜಿನಾಯಿದಾ ಹಂಗ ಬರಸತಿದ್ಲು. ಇಲ್ಲಿ ನೋಡು, ಇದು ನಿಮ್ಮತ್ತಿ ಹೆಸರು. ಬಿತ್ತಿದಾಕಿ, ಬಳ್ಳಿಗೆ ಕೋಲು ಕೊಟ್ಟಾಕಿ, ಒಣಗಿಸಿದಾಕಿ ಎಲ್ಲಾ ಆಕೀನ. ನಾ ಬರೇ ಚೀಟಿ ಬರದಾಂವ."

ಆ ಅಕ್ಷರಗಳಲ್ಲಿ ಚನ್ನಮ್ಮ ಎಲ್ಲಿದೆಯೆಂದು ಅವರು ಬೆರಳಿಟ್ಟು ತೋರಿಸಿದರು. ನನಗೆ ಓದಲಾಗಲಿಲ್ಲ.

"ಅಲ್ಲಿ, ಆ ಸಂಸ್ಥೆಯಲ್ಲಿ, ಇದರ ಬೀಜ ಇರಲ್ವಾ ಮಾವ? ನೀವು ಕೊಟ್ಟಿರಲಿಲ್ವಾ?"

"ಕೊಟ್ಟಿದ್ದೆ, ಒಂದ ಮುಷ್ಟಿ. ಇದ್ರೂ ಇರಬಹುದು. ಬರದು ಕೇಳಬಹುದು." ಚೀಟಿ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿದರು. "ಈಗ ಅದರ ಚಿಂತಿ ಅಲ್ಲವ್ವಾ ನನಗ. ಆ ಎರಡ ದಿನದ್ದು ಚಿಂತಿ. ನಲವತ್ತ ವರ್ಷ ಆಕಿ ಜೋಡಿ ಸಂಸಾರ ಮಾಡಿದೆ. ಆಕಿ ಹೇಳಲಿಲ್ಲ. ಈಗ ಯಾರನ್ನ ಕೇಳಲಿ?"

"ಅನಂತನ್ನ ಕೇಳಿ."

"ಅಂವ ಮಾತಾಡಂಗಿಲ್ಲ."

"ನೀವೂ ಆಡ್ತಿಲ್ವಲ್ಲ ಮಾವ."

ನಾನು ಅಂಗಿಗಳನ್ನು ಸೂಟ್‌ಕೇಸಿನಲ್ಲಿ ಜೋಡಿಸಿದೆ. ಮೇಲಿನ ಗುಂಡಿ ಸಡಿಲವಾಗಿದ್ದ ಒಂದನ್ನು ಹೊಲಿಯಲೆಂದು ವಾಪಸು ತಂದೆ.

ಶುಕ್ರವಾರ ಸಂಜೆ ಅನಂತ ಬೇಗ ಬಂದರು. ರೋಟಾ ಬದಲಾಯಿಸಿಕೊಂಡೆ ಎಂದು ನನಗೆ ಹೇಳಿದರು, ಅಪ್ಪನಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಹಾಫ್ ಟರ್ಮ್ ರಜೆಯಾದ್ದರಿಂದ ಅಮೂಲ್ಯಾ ಮನೆಯಲ್ಲೇ ಇದ್ದಳು. ಇಡೀ ದಿನ ಅಜ್ಜನ ಕೋಣೆಗೂ ಅಡುಗೆಮನೆಗೂ ಓಡಾಡಿ, ನಾನು ಕೇಳಿದ್ದಕ್ಕೆಲ್ಲ "ನಥಿಂಗ್" ಎಂದಿದ್ದಳು. ನಾನು ಜೋಳದ ರೊಟ್ಟಿ ಬಡಿದೆ. ನನಗೆ ಅದು ಚೆನ್ನಾಗಿ ಬರುವುದಿಲ್ಲ, ಅಂಚು ಒಡೆಯುತ್ತದೆ. ಬದನೆಕಾಯಿ ಎಣ್ಣೆಗಾಯಿ, ಮೊಸರು, ಅನ್ನ, ಬೇಳೆ ಸಾರು. ಬೆಳಕು ಇನ್ನೂ ಚೆನ್ನಾಗಿತ್ತು. ದೀಪ ಹಾಕದೆ ನಾಲ್ವರೂ ಕೂತೆವು.

"ರೊಟ್ಟಿ ಛಲೋ ಆಗ್ಯಾವ" ಎಂದರು ಮಾವನವರು.

"ಒಡೆದಿದೆ ಮಾವ."

"ಒಡದರೇನು. ಒಡದದ್ದ ಮೆತ್ತಗ ಇರ್ತದ."

ಅನಂತ ಉಣ್ಣುತ್ತಿದ್ದರು. "ನಾಳೆ ಏಳಕ್ಕೆ ಹೊರಡಬೇಕು, ಎಂ ಸಿಕ್ಸ್ ಹೈವೇ ಶನಿವಾರ ಖಾಲಿ ಇರುತ್ತೆ ಅಂತ ಹೇಳು."

"ಏಳಕ್ಕೆ ಅಂತೆ ಮಾವ."

"ಆತು."

ನಾನು ಎಲ್ಲರಿಗೂ ಅನ್ನ ಬಡಿಸಿದೆ. ನನ್ನ ಮೂಲಕ ಹೋಗಿಬರುವ ಈ ಮಾತು ತಡೆಯಲಾಗದೆ ನಾನೇ ಬಾಯಿಗೆ ಬಂದದ್ದು ಕೇಳಿದೆ. "ಮಾವ, ಕೊನೆಗೆ ಆ ಊರಿನ ಮುತ್ತಿಗೆ ಹೇಗೆ ಮುಗೀತು?"

ಅನಂತ ನನ್ನನ್ನು ದಿಟ್ಟಿಸಿದರು. ಮಾವನವರು ಕೈಯಲ್ಲಿದ್ದ ರೊಟ್ಟಿ ತಟ್ಟೆಯಲ್ಲಿಟ್ಟು ಹೇಳಿದರು. "ಜನವರಿ ಇಪ್ಪತ್ತೇಳು, ನಲವತ್ತನಾಕು. ಜರ್ಮನ್ನರನ್ನ ಹಿಂದ ದೂಡಿದ್ರು. ಅವತ್ತ ಸಂಜಿ ನದಿ ದಂಡಿಮ್ಯಾಲೆ ಪಟಾಕ್ಷಿ ಹಾರಿಸಿದ್ರಂತ. ಜಿನಾಯಿದಾ ಹೇಳತಿದ್ಲು, ಆ ಸಪ್ಪಳಕ್ಕ ಮೊದಲ ಎಲ್ಲಾರೂ ಗ್ವಾಡಿಗೆ ಆತು ನಿಂತ್ರು, ಗುಂಡು ಅಂತ ತಿಳದು. ಆಮ್ಯಾಲೆ ಮ್ಯಾಲೆ ನೋಡಿದ್ರು. ಬಣ್ಣ ಕಂಡಿತು. ಯಾರೂ ಕುಣೀಲಿಲ್ಲಂತ. ನಿಂತಲ್ಲೇ ಅತ್ರಂತ. ಬೀಜ ಎಲ್ಲಾ ಉಳದಿದ್ವು. ಮುಂದ ಅವನ್ನ ಹೊಲಕ್ಕ ಹಾಕಿದ್ರು, ಊರೂರಿಗೆ ಕಳಸಿದ್ರು."

"ಕಾದವರು ಉಳೀಲಿಲ್ಲ" ಎಂದರು ಅನಂತ, ತಟ್ಟೆಯನ್ನೇ ನೋಡುತ್ತಾ. ಎರಡು ವಾರದಲ್ಲಿ ಅಪ್ಪನಿಗೆ ನೇರವಾಗಿ ಹೇಳಿದ ಮೊದಲ ಮಾತು.

"ಉಳೀಲಿಲ್ಲ" ಎಂದರು ಮಾವನವರು.

ಅಮೂಲ್ಯಾ ಚಮಚ ಕೆಳಗಿಟ್ಟಳು. ಅವಳ ಕೆಳದುಟಿ ಒಳಗೆ ಹೋಗಿತ್ತು, ಈಗ ಹೊರಗೆ ಬಂತು. ನಾನು ಅವಳ ಮೊಣಕಾಲಿನ ಮೇಲೆ ಕೈಯಿಟ್ಟೆ, ಬೇಡ ಎನ್ನಲೋ ಹೇಳು ಎನ್ನಲೋ ನನಗೇ ಗೊತ್ತಿರಲಿಲ್ಲ. ಅವಳು ಅಪ್ಪನ ಕಡೆ ಒಮ್ಮೆ ನೋಡಿ ಅಜ್ಜನ ಕಡೆ ತಿರುಗಿದಳು. ಅಜ್ಜನಿಗೆ ಪೂರ್ತಿ ತಿಳಿಯಲಿ ಎಂದೋ ಏನೋ, ತಡವರಿಸುತ್ತಾ ಕನ್ನಡದಲ್ಲೇ ಕೇಳಿದಳು.

"ಅಜ್ಜ, ಅಕ್ಕಿ ಕಾಯ್ತಿದ್ರಲ್ಲ, ಅವ್ರ ಮನೇಲಿ ಮಕ್ಕಳು ಇದ್ರಾ? ಅವ್ರು ಏನು ತಿಂದ್ರು?"